ಜಂಪರ್ ವೈರಿನಿಂದ ಸ್ವಂತ ಪಿಸಿಬಿಗೆ: ಹವ್ಯಾಸಿ ಡ್ರೋನಿನ ಫ್ಲೈಟ್ ಕಂಟ್ರೋಲರ್ ಕಟ್ಟುವ ಕ್ರಮ

ಸುರತ್ಕಲ್, ಮಣಿಪಾಲ, ನಿಟ್ಟೆಯ ಕಾಲೇಜು ಪ್ರಾಜೆಕ್ಟುಗಳಲ್ಲಿ ಹಾರುವ ಡ್ರೋನುಗಳ ಹೊಟ್ಟೆಯೊಳಗೆ ಸಾಮಾನ್ಯವಾಗಿ ಕಾಣುವುದು ಒಂದೇ ನೋಟ. ತೂತು ತೂತಿನ ಪರ್ಫ್ ಬೋರ್ಡ್, ಅದರ ಮೇಲೊಂದು ಬ್ಲ್ಯಾಕ್ ಪಿಲ್ (ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡ್), ಪಕ್ಕದಲ್ಲಿ ಡ್ರೋನಿನ ತಿರುಗುವಿಕೆ, ಓರೆ ಅಳೆಯುವ ಎಂಪಿಯು 6050 ಸೆನ್ಸರಿನ (ಗೈರೋ) ನೀಲಿ ಮಾಡ್ಯೂಲ್, ಕೆಳಗೆ ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್, ಇಷ್ಟನ್ನೂ ಜೋಡಿಸಿದ ಬಣ್ಣ ಬಣ್ಣದ ಜಂಪರ್ ವೈರು, ಮೇಲಿಂದ ಹಾಟ್ ಗ್ಲೂ. ಹಾರುತ್ತದೆ, ಆದರೆ ಮಳೆಗಾಲ ಶುರುವಾದ ಮೇಲೆ ಇಂದು ಹಾರಿದ್ದು ನಾಳೆ ಹಾರುವುದಿಲ್ಲ. ಆ ಫ್ಲೈಟ್ ಕಂಟ್ರೋಲರನ್ನು, ಅಂದರೆ ಡ್ರೋನನ್ನು ಸಮತೋಲದಲ್ಲಿಡುವ ಬೋರ್ಡನ್ನು, 36 ಮಿಲಿಮೀಟರ್ ಚೌಕದ ಒಂದೇ ಪಿಸಿಬಿಗೆ (ತಾಮ್ರದ ಗೆರೆಗಳ ಅಚ್ಚು ಬೋರ್ಡಿಗೆ) ಇಳಿಸುವ ಕ್ರಮ ಇಲ್ಲಿದೆ. ಉದಾಹರಣೆಗೆ ಹಿಡಿದಿರುವುದು 4ಎಸ್ (ನಾಲ್ಕು ಸೆಲ್ ಸರಣಿಯ) ಲಿಪೋ ಬ್ಯಾಟರಿಯ, 5 ಇಂಚು ಪ್ರೊಪೆಲರಿನ, ನಾಲ್ಕು ಮೋಟಾರಿನ ಕ್ವಾಡ್ ಡ್ರೋನ್.

ಮೊದಲಿಗೇ ಒಂದು ಮಾತು. ಇಎಸ್‌ಸಿಯನ್ನು, ಅಂದರೆ ಮೋಟಾರ್ ಓಡಿಸುವ ಬೋರ್ಡನ್ನು, ಈಗಲೇ ಸ್ವಂತವಾಗಿ ಮಾಡಲು ಹೋಗಬೇಡಿ. ಅಲ್ಲಿ ಹತ್ತಾರು ಆಂಪಿಯರ್ ಹರಿಯುತ್ತದೆ, ಒಂದು ಮಾಸ್ಫೆಟ್ (ಕರೆಂಟನ್ನು ಹರಿಸಿ ತಡೆಯುವ ಸ್ವಿಚ್) ತಪ್ಪಾದರೆ ಬೋರ್ಡಿಗೆ ಬೆಂಕಿ. 4-ಇನ್-1 ಇಎಸ್‌ಸಿ (ನಾಲ್ಕೂ ಮೋಟಾರಿಗೆ ಒಂದೇ ಬೋರ್ಡ್) ಮಾರುಕಟ್ಟೆಯದ್ದೇ ಇರಲಿ, ರಿಮೋಟಿನ ಸಂಕೇತ ಹಿಡಿಯುವ ರಿಸೀವರೂ ಮಾರುಕಟ್ಟೆಯದ್ದೇ ಇರಲಿ. ನಮ್ಮ ಕೆಲಸ ಇವೆರಡರ ನಡುವಿನ ಮಿದುಳು.

ಮಾಡ್ಯೂಲುಗಳೊಳಗೆ ಅಡಗಿದ್ದನ್ನು ಪಟ್ಟಿ ಮಾಡಿ

ಪಿಸಿಬಿ ಎಂದರೆ ವೈರುಗಳನ್ನು ತಾಮ್ರದ ಗೆರೆಯಾಗಿಸುವುದು ಎಂದುಕೊಂಡವರ ಮೊದಲ ಬೋರ್ಡು ಬಹುತೇಕ ಸತ್ತೇ ಬರುತ್ತದೆ. ಕಾರಣ ಸರಳ. ನೀವು ಕೊಂಡ ಪ್ರತಿ ಮಾಡ್ಯೂಲಿನಲ್ಲೂ ನೀವು ಹೆಸರು ಕೇಳದ ಬಿಡಿಭಾಗಗಳು ಕೂತು ಸದ್ದಿಲ್ಲದೆ ಕೆಲಸ ಮಾಡುತ್ತಿದ್ದವು. ಬರಿಯ ಚಿಪ್ಪನ್ನು ಬೋರ್ಡಿಗೆ ಹಾಕಿದಾಗ ಅವೆಲ್ಲವನ್ನೂ ನೀವೇ ಒದಗಿಸಬೇಕು.

ಎಂಪಿಯು 6050ರ ನೀಲಿ ಮಾಡ್ಯೂಲನ್ನೇ ತೆಗೆದುಕೊಳ್ಳಿ. ಸೆನ್ಸರ್ ಚಿಪ್ಪಿನ ಜೊತೆ ಅದರಲ್ಲಿ ಒಂದು 3.3 ವೋಲ್ಟ್ ರೆಗ್ಯುಲೇಟರ್, ಐ2ಸಿ ಗೆರೆಗಳಿಗೆ (ಚಿಪ್ಪುಗಳು ಎರಡು ವೈರಿನಲ್ಲಿ ಮಾತಾಡುವ ದಾರಿ) ಪುಲ್-ಅಪ್, ಅಂದರೆ ಗೆರೆಯನ್ನು ಪವರಿನತ್ತ ಮೇಲೆಳೆದಿಡುವ, ರೆಸಿಸ್ಟರುಗಳು, ಮೂರ್ನಾಲ್ಕು ಕೆಪಾಸಿಟರುಗಳು ಇವೆ. 5 ವೋಲ್ಟ್ ಕೊಟ್ಟರೂ ಅದು ಸುಡದಿದ್ದದ್ದು ಆ ರೆಗ್ಯುಲೇಟರಿನಿಂದ. ಬ್ಲ್ಯಾಕ್ ಪಿಲ್‌ನಲ್ಲಿ ಬೂಟ್0 ಪಿನ್ನನ್ನು (ಚಿಪ್ ಯಾವ ಕ್ರಮದಲ್ಲಿ ಏಳಬೇಕೆಂದು ಹೇಳುವುದು) ಗ್ರೌಂಡಿನತ್ತ ಕೆಳಗೆಳೆಯುವ ರೆಸಿಸ್ಟರ್, ರೀಸೆಟ್ ಪಿನ್ನಿನ ಕೆಪಾಸಿಟರ್, ವಿಕ್ಯಾಪ್ ಪಿನ್ನಿನ (ಚಿಪ್ಪಿನ ಒಳಗಿನ ರೆಗ್ಯುಲೇಟರಿನದ್ದು) ಕೆಪಾಸಿಟರ್, ಚಿಪ್ಪಿಗೆ ತಾಳ ಕೊಡುವ ಕ್ರಿಸ್ಟಲ್ ಎಲ್ಲ ಇವೆ. ಅದರ ಕ್ರಿಸ್ಟಲ್ ಸಾಮಾನ್ಯವಾಗಿ 25 ಮೆಗಾಹರ್ಟ್ಸ್. ನೀವು ಹೊಸ ಬೋರ್ಡಿಗೆ 8 ಮೆಗಾಹರ್ಟ್ಸ್ ಹಾಕಿ ಹಳೆಯ ಫರ್ಮ್‌ವೇರನ್ನೇ (ಚಿಪ್ಪಿನೊಳಗೆ ಓಡುವ ಕೋಡನ್ನೇ) ತುಂಬಿದರೆ ಚಿಪ್ ಮೂರನೇ ಒಂದು ಪಾಲಿಗೂ ಕಡಿಮೆ ವೇಗದಲ್ಲಿ ಓಡುತ್ತದೆ, ಯುಎಸ್‌ಬಿ ಕಾಣಿಸುವುದೇ ಇಲ್ಲ, ಸೀರಿಯಲ್ ಪೋರ್ಟಿನಲ್ಲಿ ಬರೀ ಕಸ. ಬೋರ್ಡಿನಲ್ಲಿ ತಪ್ಪೇ ಇಲ್ಲದಿದ್ದರೂ ಎರಡು ದಿನ ಸೋಲ್ಡರಿಂಗನ್ನು ಅನುಮಾನಿಸುತ್ತಾ ಕೂರುತ್ತೀರಿ.

ಆದ್ದರಿಂದ ಪ್ರತಿ ಮಾಡ್ಯೂಲಿನ ಸರ್ಕ್ಯೂಟ್ ನಕ್ಷೆ ಇಳಿಸಿಕೊಂಡು, ಅದರಲ್ಲಿರುವ ಪ್ರತಿ ಬಿಡಿಭಾಗದ ಮುಂದೆ ‘ಇದು ಯಾಕಿದೆ, ಹೊಸ ಬೋರ್ಡಿನಲ್ಲಿ ಇದರ ಜಾಗ ಎಲ್ಲಿ’ ಎಂದು ಬರೆದುಕೊಳ್ಳಿ. ಒಂದು ಸಂಜೆಯ ಕೆಲಸ.

ಚಿಪ್ ಮತ್ತು ಗೈರೋ

ಬ್ಲ್ಯಾಕ್ ಪಿಲ್‌ನಲ್ಲಿ ಕೋಡ್ ಓಡುತ್ತಿದ್ದರೆ ಅದೇ ಎಸ್‌ಟಿಎಂ32ಎಫ್411ಸಿಇ ಸಾಕು: 100 ಮೆಗಾಹರ್ಟ್ಸ್, 512 ಕಿಲೋಬೈಟ್ ಫ್ಲ್ಯಾಶ್, ದಶಮಾಂಶ ಲೆಕ್ಕಕ್ಕೆ ಹಾರ್ಡ್‌ವೇರ್ ಬೆಂಬಲ. ಹೆಚ್ಚು ಸೀರಿಯಲ್ ಪೋರ್ಟು, ಬ್ಲ್ಯಾಕ್‌ಬಾಕ್ಸ್ (ಹಾರಾಟದ ದಾಖಲೆ) ಎಲ್ಲ ಬೇಕಿದ್ದರೆ ಎಫ್405ಆರ್‌ಜಿ: 168 ಮೆಗಾಹರ್ಟ್ಸ್, 1 ಮೆಗಾಬೈಟ್, 64 ಕಾಲು. ಮೊದಲ ಬೋರ್ಡಿಗೆ ನಮ್ಮ ಸಲಹೆ ಎಫ್411. ಕೋಡ್ ಆಗಲೇ ಪರೀಕ್ಷೆಯಾಗಿದೆ, ಹಾರ್ಡ್‌ವೇರ್ ಬದಲಾಗುವಾಗ ಚಿಪ್ಪನ್ನೂ ಬದಲಿಸಿದರೆ ತಪ್ಪು ಎಲ್ಲಿದೆ ಎಂದು ಹುಡುಕುವುದು ಕಷ್ಟ.

ಗೈರೋ ಮಾತ್ರ ಬದಲಾಗಲೇಬೇಕು. ಎಂಪಿಯು 6050ಕ್ಕೆ ಐ2ಸಿ ಬಿಟ್ಟು ಬೇರೆ ದಾರಿ ಇಲ್ಲ. 400 ಕಿಲೋಹರ್ಟ್ಸ್ ವೇಗದಲ್ಲಿ 14 ಬೈಟ್ ಓದಲು, ವಿಳಾಸದ ಬೈಟುಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ, ಸುಮಾರು 0.4 ಮಿಲಿಸೆಕೆಂಡ್ ಬೇಕು. ಅದೇ ಮಾಹಿತಿ 10 ಮೆಗಾಹರ್ಟ್ಸ್ ಎಸ್‌ಪಿಐ ಎಂಬ ಇನ್ನೊಂದು ದಾರಿಯಲ್ಲಿ 12 ಮೈಕ್ರೋಸೆಕೆಂಡಿನಲ್ಲಿ ಬರುತ್ತದೆ. ಅಲ್ಲದೆ ಮೋಟಾರಿನ ವಿದ್ಯುತ್ ಗದ್ದಲ (ನಾಯ್ಸ್) ಐ2ಸಿ ಗೆರೆಗೆ ತಗುಲಿದರೆ ಆ ದಾರಿಯೇ ಸಿಕ್ಕಿಹಾಕಿಕೊಳ್ಳಬಹುದು, ಗಾಳಿಯಲ್ಲಿದ್ದಾಗ ಅದರ ಅರ್ಥ ನೇರ ನೆಲಕ್ಕೆ. ಐಸಿಎಂ-42688-ಪಿ ಒಳ್ಳೆಯ ಆಯ್ಕೆ: 2.5 x 3 ಮಿಲಿಮೀಟರಿನ 14 ಕಾಲಿನ ಚಿಪ್, ಎಸ್‌ಪಿಐ 24 ಮೆಗಾಹರ್ಟ್ಸ್ ತನಕ. ಸುತ್ತ ಬೇಕಾದ ಕೆಪಾಸಿಟರುಗಳು ಮೂರೇ: ವಿಡಿಡಿಗೆ (ಪವರ್ ಪಿನ್) 2.2 ಮೈಕ್ರೋಫ್ಯಾರಡ್ ಮತ್ತು 100 ನ್ಯಾನೋಫ್ಯಾರಡ್, ವಿಡಿಡಿಐಓಗೆ (ಸಂಕೇತ ಗೆರೆಗಳ ಪವರ್ ಪಿನ್) 10 ನ್ಯಾನೋಫ್ಯಾರಡ್.

ಪಿನ್ ಹಂಚಿಕೆ: ಡಿಎಂಎ ಪಟ್ಟಿ ತೆರೆದಿಟ್ಟುಕೊಂಡೇ ಮಾಡಿ

ಪಿನ್ ಖಾಲಿ ಇದೆ ಎಂದು ಮೋಟಾರನ್ನು ಎಲ್ಲೆಂದರಲ್ಲಿ ಕಟ್ಟುವುದು ಮುಂದೆ ಬಹಳ ಕಾಡುವ ತಪ್ಪು. ಇಎಸ್‌ಸಿಗೆ ಮೋಟಾರಿನ ವೇಗ ಹೇಳುವ ಡಿಶಾಟ್ ಸಿಗ್ನಲಿಗೆ ಟೈಮರ್ (ಚಿಪ್ಪಿನೊಳಗೆ ಸಮಯ ಎಣಿಸುವ ಭಾಗ) ಸಾಲದು, ಅದರ ಚಾನೆಲಿಗೆ ಡಿಎಂಎ, ಅಂದರೆ ಪ್ರೊಸೆಸರನ್ನು ಕಾಯಿಸದೆ ಮಾಹಿತಿ ಸಾಗಿಸುವ ವ್ಯವಸ್ಥೆ, ಬೇಕು. ಎಫ್4 ಚಿಪ್ಪಿನಲ್ಲಿ ಟೈಮರ್ 4ರ ನಾಲ್ಕನೇ ಚಾನೆಲಿಗೆ ಸ್ವಂತ ಡಿಎಂಎ ಕೋರಿಕೆಯೇ ಇಲ್ಲ. ಆ ಟೈಮರಿನ ಪಿನ್ನುಗಳಾದ ಪಿಬಿ6ರಿಂದ ಪಿಬಿ9 ಸಾಲಾಗಿ ಸಿಗುತ್ತವೆ, ರೌಟಿಂಗ್ ಚಂದ ಬರುತ್ತದೆ ಎಂದು ನಾಲ್ಕು ಮೋಟಾರನ್ನು ಅಲ್ಲಿಟ್ಟರೆ ಮೂರು ತಿರುಗಿ ಒಂದು ಸುಮ್ಮನಿರುತ್ತದೆ. ಟೈಮರಿನ ಅಪ್‌ಡೇಟ್ ಕೋರಿಕೆ ಬಳಸಿ ಬರ್ಸ್ಟ್ ಕ್ರಮದಲ್ಲಿ ಇದನ್ನು ದಾಟಬಹುದು, ಆದರೆ ಬೋರ್ಡ್ ಬರೆಯುವಾಗಲೇ ತಪ್ಪಿಸುವುದು ಸುಲಭ.

ಎಫ್411ಕ್ಕೆ ಕೆಲಸ ಮಾಡುವ ಒಂದು ಹಂಚಿಕೆ ಹೀಗಿದೆ:

- ಮೋಟಾರ್ 1ರಿಂದ 4: ಪಿಬಿ4, ಪಿಬಿ5, ಪಿಬಿ0, ಪಿಬಿ1 (ಟೈಮರ್ 3ರ ನಾಲ್ಕು ಚಾನೆಲ್, ನಾಲ್ಕಕ್ಕೂ ಬೇರೆ ಬೇರೆ ಡಿಎಂಎ ಸ್ಟ್ರೀಮ್, ಅಂದರೆ ಸಾಗಣೆಯ ದಾರಿ)
- ಗೈರೋ: ಪಿಎ4 ಚಿಪ್ ಸೆಲೆಕ್ಟ್, ಪಿಎ5, ಪಿಎ6, ಪಿಎ7 ಎಸ್‌ಪಿಐ 1, ಮಾಹಿತಿ ಸಿದ್ಧ ಎಂದು ಎಚ್ಚರಿಸುವ ಇಂಟರಪ್ಟ್ ಪಿಎ1
- ರಿಸೀವರ್: ಪಿಎ9, ಪಿಎ10 (ಯುಸಾರ್ಟ್ 1, ಅಂದರೆ ಮೊದಲ ಸೀರಿಯಲ್ ಪೋರ್ಟ್)
- ಜಿಪಿಎಸ್: ಪಿಎ2, ಪಿಎ3 (ಯುಸಾರ್ಟ್ 2)
- ಬ್ಯಾರೋಮೀಟರ್, ದಿಕ್ಸೂಚಿ: ಪಿಬಿ8, ಪಿಬಿ9 (ಐ2ಸಿ 1), ಎರಡಕ್ಕೂ 2.2 ಕಿಲೋಓಮ್ ಪುಲ್-ಅಪ್
- ಬ್ಯಾಟರಿ ವೋಲ್ಟೇಜ್: ಪಿಎ0
- ಯುಎಸ್‌ಬಿ: ಪಿಎ11, ಪಿಎ12. ಡಿಬಗ್: ಪಿಎ13, ಪಿಎ14

ರಿಸೀವರ್ ಯುಸಾರ್ಟ್ 1ರಲ್ಲಿ ಯಾಕೆ? ಯುಸಾರ್ಟ್ 2ರ ಸ್ವೀಕಾರದ ಡಿಎಂಎ ಮತ್ತು ಟೈಮರ್ 3ರ ಎರಡನೇ ಚಾನೆಲ್ ಒಂದೇ ಸ್ಟ್ರೀಮಿಗೆ ಬಂದು ಕೂರುತ್ತವೆ. 420000 ಬಾಡ್‌ನಲ್ಲಿ ಬರುವ ರಿಸೀವರ್ ಮಾಹಿತಿಗೆ ಆ ಜಗಳ ಬೇಡ. ನಿಧಾನದ ಜಿಪಿಎಸ್ ಇಂಟರಪ್ಟಿನಲ್ಲೇ ನಡೆಯುತ್ತದೆ. ಪಿಎ9 ಯುಎಸ್‌ಬಿಯ ವೋಲ್ಟೇಜ್ ಗುರುತಿಸುವ ಪಿನ್ನೂ ಹೌದು, ಆದ್ದರಿಂದ ಫರ್ಮ್‌ವೇರಿನಲ್ಲಿ ಆ ಗುರುತಿಸುವಿಕೆಯನ್ನು ಆಫ್ ಮಾಡಿ.

ಪಿಬಿ4ಕ್ಕೂ ಒಂದು ಗುಣವಿದೆ. ರೀಸೆಟ್ ಆದ ಕ್ಷಣದಲ್ಲಿ ಅದು ಜೆಟ್ಯಾಗ್ (ಡಿಬಗ್) ಪಿನ್ನಾಗಿ ಒಳಗಿನ ಪುಲ್-ಅಪ್‌ನೊಂದಿಗೆ ಮೇಲಿರುತ್ತದೆ. ಒಳಗಿನ ಪುಲ್-ಅಪ್ ಸುಮಾರು 40 ಕಿಲೋಓಮ್. ಹೊರಗಿಂದ 10 ಕಿಲೋಓಮ್ ಕೆಳಗೆಳೆದರೆ ಗೆರೆ 0.7 ವೋಲ್ಟಿನೊಳಗೆ ನಿಲ್ಲುತ್ತದೆ, ಇಎಸ್‌ಸಿಗೆ ಗೊಂದಲವಿಲ್ಲ. ನಾಲ್ಕೂ ಮೋಟಾರ್ ಗೆರೆಗಳಿಗೆ ಈ ರೆಸಿಸ್ಟರ್ ಹಾಕಿಬಿಡಿ.

ಪವರ್: ಬೋರ್ಡು ಸಾಯುವುದು ಹೆಚ್ಚಾಗಿ ಇಲ್ಲಿಯೇ

4ಎಸ್ ಬ್ಯಾಟರಿ ತುಂಬಿದಾಗ 16.8 ವೋಲ್ಟ್. ಇಷ್ಟೇ ತಾನೆ ಎಂದು 28 ವೋಲ್ಟಿನ ಬಕ್ ಚಿಪ್ ಹಾಕಿ ನಿಶ್ಚಿಂತರಾಗುವವರು ಮರೆಯುವುದು ಪ್ಲಗ್ ಸಿಕ್ಕಿಸುವ ಕ್ಷಣವನ್ನು. ಬ್ಯಾಟರಿ ವೈರಿನ ಇಂಡಕ್ಟನ್ಸ್ ಒಂದು ಕಡೆ, ಬೋರ್ಡಿನ ಸೆರಾಮಿಕ್ ಕೆಪಾಸಿಟರ್ ಇನ್ನೊಂದು ಕಡೆ, ಎರಡೂ ಸೇರಿ ಜೋಕಾಲಿಯಂತೆ ತೂಗುತ್ತವೆ. ವೋಲ್ಟೇಜ್ ಒಂದು ಕ್ಷಣ ಬ್ಯಾಟರಿಯ ಎರಡು ಪಟ್ಟಿನ ಹತ್ತಿರ, ಅಂದರೆ 33 ವೋಲ್ಟ್ ತನಕ ಏರಬಹುದು. ಎಕ್ಸ್‌ಟಿ60 ಪ್ಲಗ್ ಸಿಕ್ಕಿಸುವಾಗ ಕೇಳುವ ‘ಟಪ್’ ಸದ್ದಿನೊಂದಿಗೇ ಬಕ್ ಚಿಪ್ ಹೋಗಿರುತ್ತದೆ. ಮದ್ದು ಮೂರು: ಇಎಸ್‌ಸಿಯ ಬ್ಯಾಟರಿ ಪ್ಯಾಡಿನಲ್ಲೇ 35 ವೋಲ್ಟ್ 470 ಮೈಕ್ರೋಫ್ಯಾರಡಿನ ಲೋ-ಇಎಸ್‌ಆರ್ (ಒಳತಡೆ ಕಡಿಮೆ ಇರುವ) ಎಲೆಕ್ಟ್ರೋಲಿಟಿಕ್ ಕೆಪಾಸಿಟರ್, ನಮ್ಮ ಬೋರ್ಡಿನ ಒಳದಾರಿಯಲ್ಲಿ ಏರಿದ ವೋಲ್ಟೇಜನ್ನು ಹೀರುವ ಎಸ್‌ಎಂಎಜೆ18ಎ ಟಿವಿಎಸ್ ಡಯೋಡ್, ಮತ್ತು ವೈರು ಸಾಧ್ಯವಾದಷ್ಟು ಗಿಡ್ಡ. ಇದು 4ಎಸ್‌ಗೆ ಮಾತ್ರ. 6ಎಸ್ ಹಾಕುವ ಆಸೆಯಿದ್ದರೆ 40 ವೋಲ್ಟಿಗಿಂತ ಮೇಲಿನ ಬಕ್ ಚಿಪ್ ಹುಡುಕಿ.

ಬಕ್‌ಗೆ ಟಿಪಿಎಸ್54302 ಸಾಕು: 28 ವೋಲ್ಟ್, 3 ಆಂಪಿಯರ್, ಆರು ಕಾಲಿನ ಚಿಕ್ಕ ಚಿಪ್, 400 ಕಿಲೋಹರ್ಟ್ಸ್. ಹೊರಬರುವ ವೋಲ್ಟೇಜ್ ನಿಗದಿ ಮಾಡುವ ಫೀಡ್‌ಬ್ಯಾಕಿಗೆ ಮೇಲೆ 100 ಕಿಲೋಓಮ್, ಕೆಳಗೆ 13.3 ಕಿಲೋಓಮ್ ಹಾಕಿದರೆ 5 ವೋಲ್ಟಿಗೆ ತುಸು ಮೇಲೆ ಬರುತ್ತದೆ. 10 ಮೈಕ್ರೋಹೆನ್ರಿಯ, 4 ಆಂಪಿಯರ್ ತಡೆಯುವ ಇಂಡಕ್ಟರ್. ಹೊರದಾರಿಯಲ್ಲಿ 22 ಮೈಕ್ರೋಫ್ಯಾರಡಿನ ಎರಡು ಕೆಪಾಸಿಟರ್, ಒಳದಾರಿಯಲ್ಲಿ 10 ಮೈಕ್ರೋಫ್ಯಾರಡ್ ಮತ್ತು 100 ನ್ಯಾನೋಫ್ಯಾರಡ್. ಒಳಗಿನ 10 ಮೈಕ್ರೋಫ್ಯಾರಡ್ 1206 ಗಾತ್ರದ, 50 ವೋಲ್ಟಿನದ್ದೇ ಆಗಿರಲಿ. 0805 ಗಾತ್ರದ 25 ವೋಲ್ಟಿನ ಸೆರಾಮಿಕ್ ಕೆಪಾಸಿಟರಿಗೆ 16 ವೋಲ್ಟ್ ಬಿದ್ದಾಗ ಅರ್ಧಕ್ಕಿಂತ ಹೆಚ್ಚು ಸಾಮರ್ಥ್ಯ ಮಾಯವಾಗಬಹುದು. ಕೆಪಾಸಿಟರಿಗೆ ಕೊಟ್ಟಿರುವ ಅಂಕಿ ವೋಲ್ಟೇಜ್ ಇಲ್ಲದೆ ಖಾಲಿ ಕೂತಾಗಿನದ್ದು.

5 ವೋಲ್ಟಿನಿಂದ 3.3ಕ್ಕೆ ಎರಡು ರೆಗ್ಯುಲೇಟರ್ ಬೇಕು. ಚಿಪ್ಪಿಗೆ ಒಂದು ಸಾಮಾನ್ಯ ಎಲ್‌ಡಿಓ ರೆಗ್ಯುಲೇಟರ್, ಗೈರೋಗೆ ಪ್ರತ್ಯೇಕವಾಗಿ ಎಲ್‌ಪಿ5907ರಂಥ ಕಡಿಮೆ ನಾಯ್ಸಿನದ್ದು, ಅದರ ಎರಡೂ ಬದಿ 1 ಮೈಕ್ರೋಫ್ಯಾರಡ್. ಇಲ್ಲಿ ಜಿಪುಣತನ ಬೇಡ. ಗೈರೋದ ಪವರ್ ಕೊಳಕಾದರೆ ಆ ಕೊಳಕು ನೇರ ಮೋಟಾರಿಗೆ ಹೋಗುತ್ತದೆ, ಮೋಟಾರ್ ಬಿಸಿಯಾಗುತ್ತದೆ, ನೀವು ಪಿಐಡಿ (ಸಮತೋಲದ ಲೆಕ್ಕದ) ಅಂಕಿಗಳನ್ನು ತಿರುವುತ್ತಾ ದಿನ ಕಳೆಯುತ್ತೀರಿ.

ಚಿಪ್ಪಿನ ಸುತ್ತ: ಮೂರು ವಿಡಿಡಿ ಪಿನ್ನಿಗೆ ಒಂದೊಂದು 100 ನ್ಯಾನೋಫ್ಯಾರಡ್, ಜೊತೆಗೆ ಒಂದು 10 ಮೈಕ್ರೋಫ್ಯಾರಡ್. ವಿಡಿಡಿಎಗೆ (ಅಳತೆಯ ಭಾಗದ ಪವರ್ ಪಿನ್) ನಾಯ್ಸ್ ತಡೆಯುವ ಫೆರೈಟ್ ಬೀಡ್ ದಾಟಿ 1 ಮೈಕ್ರೋಫ್ಯಾರಡ್ ಮತ್ತು 100 ನ್ಯಾನೋಫ್ಯಾರಡ್. ವಿಬ್ಯಾಟ್ ಪಿನ್ ನೇರ 3.3ಕ್ಕೆ. ಎಫ್411ರ 48 ಕಾಲಿನ ಚಿಪ್ಪಿಗೆ ಒಂದೇ ವಿಕ್ಯಾಪ್ ಪಿನ್, ಅದಕ್ಕೆ 4.7 ಮೈಕ್ರೋಫ್ಯಾರಡ್. ಎಫ್405ಕ್ಕೆ ಎರಡು ಪಿನ್, ತಲಾ 2.2. ಇದನ್ನು ಬಿಟ್ಟರೆ ಚಿಪ್ಪಿನ ಒಳಗಿನ ರೆಗ್ಯುಲೇಟರ್ ನಿಲ್ಲುವುದಿಲ್ಲ, ಚಿಪ್ ಎದ್ದೇಳುವುದಿಲ್ಲ. ವಿಕ್ಯಾಪನ್ನು 3.3 ವೋಲ್ಟಿಗೆ ಕಟ್ಟಿದರೆ ಚಿಪ್ಪೇ ಹೋಗುತ್ತದೆ. ಬೂಟ್0ಗೆ 10 ಕಿಲೋಓಮ್ ಕೆಳಕ್ಕೆ ಮತ್ತು ಒಂದು ಬಟನ್, ರೀಸೆಟ್‌ಗೆ 100 ನ್ಯಾನೋಫ್ಯಾರಡ್.

ಬ್ಯಾಟರಿ ಅಳೆಯಲು 10 ಕಿಲೋಓಮ್ ಮೇಲೆ, 1 ಕಿಲೋಓಮ್ ಕೆಳಗೆ: 16.8 ವೋಲ್ಟ್ 1.53 ಆಗಿ ಇಳಿಯುತ್ತದೆ. ಯುಎಸ್‌ಬಿ-ಸಿ ಸಾಕೆಟ್ಟಿನ ಸಿಸಿ1, ಸಿಸಿ2 ಪಿನ್ ಎರಡಕ್ಕೂ ಪ್ರತ್ಯೇಕ 5.1 ಕಿಲೋಓಮ್ ಕೆಳಕ್ಕೆ. ಇದಿಲ್ಲದೆ ಹೋದರೆ ಹಳೆಯ ಕೇಬಲಿನಲ್ಲಿ ಬೋರ್ಡ್ ಏಳುತ್ತದೆ, ಎರಡೂ ತುದಿ ಸಿ ಇರುವ ಕೇಬಲಿನಲ್ಲಿ ಸತ್ತಂತೆ ಬಿದ್ದಿರುತ್ತದೆ. ಯುಎಸ್‌ಬಿಯ 5 ವೋಲ್ಟ್ ಮತ್ತು ಬಕ್‌ನ 5 ವೋಲ್ಟ್ ಒಂದಕ್ಕೊಂದು ನುಗ್ಗದಂತೆ ಎರಡಕ್ಕೂ ಒಂದೇ ದಿಕ್ಕಿಗೆ ಹರಿಸುವ ಶಾಟ್ಕಿ ಡಯೋಡ್ ಇರಲಿ.

ಇನ್ನೊಂದು ಉಪಾಯ: ಬಕ್‌ನ 5 ವೋಲ್ಟ್ ಹೊರಬರುವ ಜಾಗದಲ್ಲಿ ಮತ್ತು ಎರಡೂ 3.3 ವೋಲ್ಟಿನ ಹೊರದಾರಿಯಲ್ಲಿ ಒಂದೊಂದು 0 ಓಮ್ ರೆಸಿಸ್ಟರಿನ ಜಾಗ ಬಿಡಿ. ಮೊದಲ ಸಲ ಪವರ್ ಕೊಡುವಾಗ ಅವು ಖಾಲಿ ಇರಬೇಕು. ಯಾಕೆಂದು ಕೆಳಗೆ ಗೊತ್ತಾಗುತ್ತದೆ.

ಬೋರ್ಡ್ ಬರೆಯುವುದು

ಪಿಸಿಬಿ ಬರೆಯುವ ಸಾಫ್ಟ್‌ವೇರ್ ಕಿಕ್ಯಾಡ್ ಸಾಕು, ದುಡ್ಡು ಕೊಡಬೇಕಿಲ್ಲ. 36 x 36 ಮಿಲಿಮೀಟರ್, ಸ್ಕ್ರೂ ತೂತುಗಳ ನಡುವೆ 30.5 ಮಿಲಿಮೀಟರ್, ನಡುಕ ಹೀರುವ ರಬ್ಬರ್ ಗ್ರಾಮೆಟ್ (ಬಳೆ) ಕೂರಲು ತೂತು 4 ಮಿಲಿಮೀಟರ್. 1.6 ಮಿಲಿಮೀಟರ್ ದಪ್ಪದ ಖಾಲಿ ಬೋರ್ಡ್ ಸುಮಾರು 4 ಗ್ರಾಂ ತೂಗುತ್ತದೆ. ನಾಲ್ಕು ಪದರ ಮಾಡಿ: ಮೇಲೆ ಬಿಡಿಭಾಗ, ಎರಡನೆಯದು ಪೂರ್ತಿ ಗ್ರೌಂಡ್, ಮೂರನೆಯದು ಪವರ್, ಕೆಳಗೆ ಉಳಿದ ಗೆರೆಗಳು. ಎರಡು ಪದರದಲ್ಲಿ ಈ ಗಾತ್ರಕ್ಕೆ ಗ್ರೌಂಡ್ ತುಂಡು ತುಂಡಾಗುತ್ತದೆ, ನಾಯ್ಸ್ ಹಿಡಿತಕ್ಕೆ ಸಿಗುವುದಿಲ್ಲ.

ಬಕ್ ಒಂದು ಮೂಲೆಗೆ, ಗೈರೋ ಅದರಿಂದ ಆದಷ್ಟು ದೂರಕ್ಕೆ, ಆದರೆ ಸ್ಕ್ರೂ ತೂತಿನ ಹತ್ತಿರವೂ ಅಲ್ಲ. ಸ್ಕ್ರೂ ಬಿಗಿದಾಗ ಬೋರ್ಡ್ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಗೈರೋ ಅದನ್ನೂ ಅಳೆಯುತ್ತದೆ, ಬಿಸಿಯಾದಂತೆ ಓರೆಯಾಗುತ್ತಾ ಹೋಗುತ್ತದೆ. ಬೋರ್ಡಿನ ನಡುಮಧ್ಯ ಒಳ್ಳೆಯ ಜಾಗ. ಬಕ್‌ನ ಒಳ ಕೆಪಾಸಿಟರ್ ಚಿಪ್ಪಿನ ವಿಐಎನ್ ಮತ್ತು ಗ್ರೌಂಡ್ ಕಾಲಿಗೆ ಅಂಟಿಕೊಂಡಂತೆ ಇರಬೇಕು. ಒಂದು ಮಿಲಿಮೀಟರ್ ಅಗಲದ ಗೆರೆ ಹೊರಪದರದಲ್ಲಿ, ಸಾಮಾನ್ಯ ತಾಮ್ರದಲ್ಲಿ, 10 ಡಿಗ್ರಿ ಬಿಸಿಯೇರಿಕೆಗೆ ಸುಮಾರು 2.4 ಆಂಪಿಯರ್ ಒಯ್ಯುತ್ತದೆ. 5 ವೋಲ್ಟಿಗೆ ಗೆರೆಯ ಬದಲು ತಾಮ್ರದ ಹರವೇ ಕೊಡಿ. ಉಳಿದ ಗೆರೆಗಳು 0.15 ಮಿಲಿಮೀಟರಿಗಿಂತ ತೆಳ್ಳಗಾಗದಿರಲಿ, ಪದರಗಳನ್ನು ಜೋಡಿಸುವ ವಯಾ ತೂತು 0.3.

ಟೆಸ್ಟ್ ಪಾಯಿಂಟುಗಳನ್ನು ಮರೆಯಬೇಡಿ: 5 ವೋಲ್ಟ್, ಎರಡೂ 3.3 ವೋಲ್ಟ್, ಗ್ರೌಂಡ್, ಡಿಬಗ್‌ನ ಎರಡು ಗೆರೆ, ರೀಸೆಟ್, ಗೈರೋದ ಎಸ್‌ಪಿಐ ಗೆರೆಗಳು. ಸಿಲ್ಕಿನಲ್ಲಿ, ಅಂದರೆ ಬೋರ್ಡಿನ ಮೇಲಿನ ಅಚ್ಚಿನಲ್ಲಿ, ಮುಂದಿನ ದಿಕ್ಕಿನ ಬಾಣ, ಪ್ರತಿ ಪ್ಯಾಡಿನ ಹೆಸರು, ಬೋರ್ಡಿನ ಆವೃತ್ತಿ ಸಂಖ್ಯೆ.

ಫೈಲ್ ಕಳಿಸುವ ಮುನ್ನ ಬೋರ್ಡನ್ನು ಕಾಗದದ ಮೇಲೆ 1:1 ಅಳತೆಯಲ್ಲಿ ಪ್ರಿಂಟ್ ತೆಗೆಯಿರಿ. ಯುಎಸ್‌ಬಿ ಸಾಕೆಟ್, ಇಂಡಕ್ಟರ್, ಕನೆಕ್ಟರುಗಳನ್ನು ಕಾಗದದ ಮೇಲಿಟ್ಟು ನೋಡಿ. ಕಾಗದವನ್ನು ಕತ್ತರಿಸಿ ಫ್ರೇಮಿನ ಸ್ಕ್ರೂಗಳ ಮೇಲೆ ಕೂರಿಸಿ, ಯುಎಸ್‌ಬಿ ಕೇಬಲ್ ಫ್ರೇಮಿನ ಕಾಲಿಗೆ ತಾಗುತ್ತದೆಯೇ ನೋಡಿ. ಒಂದು ರೂಪಾಯಿಯ ಕಾಗದ ಇಡೀ ಬೋರ್ಡಿನ ದುಡ್ಡು ಉಳಿಸುತ್ತದೆ.

ಇಎಸ್‌ಸಿಗೆ ಹೋಗುವ 8 ಪಿನ್ನಿನ ಚಿಕ್ಕ ಕನೆಕ್ಟರ್ ಬಗ್ಗೆ ಒತ್ತಿ ಹೇಳಬೇಕು. ಕನೆಕ್ಟರ್ ಎಲ್ಲ ಕಂಪನಿಗಳದ್ದೂ ಒಂದೇ ತರಹ, ಪಿನ್ನುಗಳ ಕ್ರಮ ಮಾತ್ರ ಬೇರೆ ಬೇರೆ. ಅದರಲ್ಲೊಂದು ಪಿನ್ ಬ್ಯಾಟರಿಯ ಪೂರ್ತಿ ವೋಲ್ಟೇಜ್. ಇಎಸ್‌ಸಿ ಜೊತೆ ಬಂದ ಕೇಬಲನ್ನು ಹಾಗೇ ಸಿಕ್ಕಿಸಿದರೆ 16 ವೋಲ್ಟ್ ನೇರ ಚಿಪ್ಪಿನ ಮೋಟಾರ್ ಪಿನ್ನಿಗೆ ಹೋಗಬಹುದು. ಕೇಬಲಿನ ಒಂದು ತುದಿ ಇಎಸ್‌ಸಿಯಲ್ಲಿಟ್ಟು, ಇನ್ನೊಂದು ತುದಿ ಬಿಡಿಯಾಗಿಟ್ಟು, ಮಲ್ಟಿಮೀಟರಿನಲ್ಲಿ ಯಾವ ಪಿನ್ನಿನಲ್ಲಿ ಏನಿದೆ ಎಂದು ನೋಡಿ ಬರೆದಿಟ್ಟ ಮೇಲೆಯೇ ಜೋಡಿಸಿ.

ತರಿಸುವುದು

ಐದು ಬೋರ್ಡ್ ತರಿಸಿ, ಎರಡನ್ನು ಮಾತ್ರ ಜೋಡಿಸಿ. ಫಿನಿಶ್ ಎನಿಗ್, ಅಂದರೆ ಚಿನ್ನದ ಲೇಪ, ಇರಲಿ. ಗೈರೋದ ಪುಟ್ಟ ಪ್ಯಾಡುಗಳು ಸಮತಟ್ಟಾಗಿರುತ್ತವೆ, ನಮ್ಮ ಉಪ್ಪುಗಾಳಿಗೂ ಅದೇ ಬಾಳಿಕೆ. ಸೋಲ್ಡರ್ ಪೇಸ್ಟ್ ಹಚ್ಚಲು 0.12 ಮಿಲಿಮೀಟರ್ ದಪ್ಪದ ಸ್ಟೆನ್ಸಿಲ್ಲನ್ನೂ ಜೊತೆಗೇ ತರಿಸಿ. ರೆಸಿಸ್ಟರು, ಕೆಪಾಸಿಟರು, ವೈರು, ಕನೆಕ್ಟರುಗಳಿಗೆ ಬೆಂಗಳೂರಿನ ಎಸ್‌ಪಿ ರೋಡ್ ಇದ್ದೇ ಇದೆ. ಗೈರೋ, ಬಕ್ ಚಿಪ್ಪುಗಳನ್ನು ಮಾತ್ರ ಅಧಿಕೃತ ವಿತರಕರಿಂದಲೇ ಕೊಳ್ಳಿ, ನಕಲಿ ಗೈರೋ ತಲೆನೋವು. 2022ರ ಫೆಬ್ರುವರಿ 9ರಿಂದ ವಿದೇಶದ ಸಿದ್ಧ ಡ್ರೋನ್ ಆಮದಿಗೆ ನಿಷೇಧವಿದೆ, ಬಿಡಿಭಾಗಗಳಿಗೆ ಅದು ಅನ್ವಯಿಸುವುದಿಲ್ಲ.

ಮಳೆಗಾಲದ ತೇವದಲ್ಲಿ ಸೋಲ್ಡರಿಂಗ್

ಇಲ್ಲಿ ಪುಸ್ತಕದ ಸಲಹೆಯಷ್ಟೇ ಸಾಲದು. ಅನೇಕ ಚಿಪ್ಪುಗಳ ಚೀಲದ ಮೇಲೆ ಎಂಎಸ್‌ಎಲ್ 3 (ತೇವ ಎಷ್ಟು ತಡೆಯುತ್ತದೆಂಬ ಮಟ್ಟ) ಎಂದಿರುತ್ತದೆ. ಅಂದರೆ ಚೀಲ ಬಿಚ್ಚಿದ ಮೇಲೆ 30 ಡಿಗ್ರಿ, ಶೇ. 60 ತೇವದಲ್ಲಿ 168 ಗಂಟೆಯೊಳಗೆ ಸೋಲ್ಡರ್ ಆಗಬೇಕು. ಜುಲೈ ತಿಂಗಳ ಮಂಗಳೂರಿನಲ್ಲಿ, ಉಪ್ಪಿನ ಡಬ್ಬಿಯಲ್ಲಿ ನೀರು ಒಸರುವ ದಿನಗಳಲ್ಲಿ, ಶೇ. 60 ಎಲ್ಲಿದೆ? ಪ್ಲಾಸ್ಟಿಕ್ಕಿನೊಳಗೆ ಸೇರಿದ ತೇವ ಬಿಸಿಗೆ ಆವಿಯಾಗಿ ಚಿಪ್ಪನ್ನು ಒಳಗಿಂದ ಸೀಳುತ್ತದೆ. ಹೊರಗಿಂದ ಏನೂ ಕಾಣುವುದಿಲ್ಲ, ಚಿಪ್ ಮಾತ್ರ ಆಗಾಗ ಕೈಕೊಡುತ್ತದೆ. ಆದ್ದರಿಂದ ಚಿಪ್ಪುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಮತ್ತು ತೇವ ತೋರಿಸುವ ಕಾರ್ಡಿನ ಜೊತೆ ಇಡಿ, ಸೋಲ್ಡರ್ ಮಾಡುವ ದಿನವೇ ಹೊರತೆಗೆಯಿರಿ. ಬಿಚ್ಚಿಟ್ಟು ವಾರ ಕಳೆದಿದ್ದರೆ ಡೇಟಾಶೀಟ್ ಹೇಳಿದ ಬಿಸಿಯಲ್ಲಿ ಒಣಗಿಸಿ. ಆಗ ಪ್ಲಾಸ್ಟಿಕ್ ಪಟ್ಟಿಯಿಂದ ಹೊರತೆಗೆಯದಿದ್ದರೆ ಪಟ್ಟಿ ಕರಗುತ್ತದೆ.

ಸೋಲ್ಡರ್ ಪೇಸ್ಟ್ ಫ್ರಿಜ್ಜಿನಲ್ಲಿರುತ್ತದೆ. ಹೊರತೆಗೆದ ಕೂಡಲೇ ಮುಚ್ಚಳ ತೆರೆದರೆ ತಣ್ಣನೆಯ ಪೇಸ್ಟಿನ ಮೇಲೆ ನಮ್ಮ ಗಾಳಿಯ ನೀರು ಕೂರುತ್ತದೆ, ಬಿಸಿಯಾದಾಗ ಪೇಸ್ಟ್ ಸಿಡಿದು ಎಲ್ಲೆಡೆ ಪುಟ್ಟ ಗುಂಡುಗಳು. ಎರಡು ಗಂಟೆಯಾದರೂ ಮುಚ್ಚಿಯೇ ಇಟ್ಟು, ಡಬ್ಬಿಯ ಹೊರಗೆ ಕೂತ ನೀರು ಪೂರ್ತಿ ಆರಿದ ಮೇಲೆ ತೆರೆಯಿರಿ.

ಪೇಸ್ಟ್ 63/37 ತವರ-ಸೀಸದ್ದು ಆದರೆ 183 ಡಿಗ್ರಿಯಲ್ಲಿ ಕರಗುತ್ತದೆ, ಕಲಿಯುವವರಿಗೆ ಸಲೀಸು. 138 ಡಿಗ್ರಿಯಲ್ಲೇ ಕರಗುವ ಬಿಸ್ಮತ್ ಪೇಸ್ಟಿನ ಆಸೆ ಬೇಡ. ಅದು ಪೆಡಸು, ಡ್ರೋನಿನ ನಡುಕಕ್ಕೆ ಬಿರಿಯುತ್ತದೆ. ಹಾಟ್ ಪ್ಲೇಟಿನಲ್ಲಿ 150 ಡಿಗ್ರಿಗೆ ಒಂದೂವರೆ ನಿಮಿಷ, ಆಮೇಲೆ 210ರಿಂದ 220ಕ್ಕೆ ಏರಿಸಿ. ಪೇಸ್ಟ್ ಬೂದುಬಣ್ಣದಿಂದ ಬೆಳ್ಳಿಯಂತೆ ಹೊಳೆಯುತ್ತದೆ, ಗೈರೋ ತಾನಾಗಿ ಸಣ್ಣಗೆ ಸರಿದು ನೇರ ಕೂರುತ್ತದೆ. ಆ ಸರಿಯುವಿಕೆ ಕಂಡರೆ ಅದರ ಅಡಿಯ ಪ್ಯಾಡುಗಳು ಹಿಡಿದಿವೆ ಎಂದರ್ಥ. ಅರ್ಧ ನಿಮಿಷ ಬಿಟ್ಟು ಇಳಿಸಿ. ಹಾಟ್ ಪ್ಲೇಟ್ ಬದಲು ಹಳೆಯ ದೋಸೆ ಕಾವಲಿ ಬಳಸಿದಿರೋ, ಅದು ಇನ್ನೆಂದೂ ಅಡುಗೆಮನೆಗೆ ಹೋಗಬಾರದು. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ, ಕಿಟಕಿ ತೆರೆದಿರಲಿ.

ಸೋಲ್ಡರ್ ಹಿಡಿಯಲು ನೆರವಾಗುವ ಫ್ಲಕ್ಸ್ ಬೋರ್ಡಿನಲ್ಲಿ ಉಳಿದರೆ ಅದು ತೇವ ಹೀರಿ ಗೆರೆಗಳ ನಡುವೆ ಸಣ್ಣ ಕರೆಂಟ್ ಹರಿಸುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆತ್ತನೆಯ ಬ್ರಷ್ಷಿನಿಂದ ತೊಳೆಯಿರಿ. ಬ್ಯಾರೋಮೀಟರಿನ ತೂತಿಗೆ ಮೊದಲೇ ಕ್ಯಾಪ್ಟಾನ್ (ಬಿಸಿ ತಡೆಯುವ) ಟೇಪ್ ಹಚ್ಚಿ. ಅಲ್ಟ್ರಾಸಾನಿಕ್ ಕ್ಲೀನರ್ ಮಾತ್ರ ಬೇಡವೇ ಬೇಡ, ಗೈರೋದೊಳಗಿನ ಸೂಕ್ಷ್ಮ ಅಂಗಗಳು ಅದರ ಕಂಪನಕ್ಕೆ ಮುರಿಯುತ್ತವೆ.

ಮೊದಲ ಪವರ್

ಪವರ್ ಕೊಡುವ ಮುನ್ನ ಮಲ್ಟಿಮೀಟರ್ ಹಿಡಿದು ಬ್ಯಾಟರಿ, 5 ವೋಲ್ಟ್, 3.3 ವೋಲ್ಟ್ ಮೂರನ್ನೂ ಗ್ರೌಂಡಿನೊಂದಿಗೆ ಅಳೆಯಿರಿ. ಕೆಲವೇ ಓಮ್ ತೋರಿಸಿದರೆ ಎಲ್ಲೋ ಸೋಲ್ಡರ್ ಸೇತುವೆಯಾಗಿದೆ. ಸರಿಯಿದ್ದರೆ, 0 ಓಮ್ ಜಾಗಗಳು ಖಾಲಿ ಇರುವಾಗಲೇ, ಬೆಂಚ್ ಸಪ್ಲೈಯಲ್ಲಿ 12 ವೋಲ್ಟ್, ಕರೆಂಟ್ ಮಿತಿ 100 ಮಿಲಿಆಂಪಿಯರ್ ಇಟ್ಟು ಬಕ್ ಒಂದನ್ನೇ ಪರೀಕ್ಷಿಸಿ. 5 ವೋಲ್ಟ್ ಸ್ಥಿರವಾಗಿ ಬಂದರೆ ಮೊದಲ 0 ಓಮ್ ಹಾಕಿ ರೆಗ್ಯುಲೇಟರುಗಳನ್ನು ನೋಡಿ. 3.3 ಸರಿಯಿದ್ದರೆ ಮಾತ್ರ ಉಳಿದವನ್ನೂ ಹಾಕಿ. ಹೀಗೆ ಮಾಡಿದರೆ ಬಕ್ ತಪ್ಪಾಗಿ 12 ವೋಲ್ಟ್ ಹೊರಬಿಟ್ಟರೂ ಚಿಪ್ಪು, ಗೈರೋ ಉಳಿಯುತ್ತವೆ.

ಕರೆಂಟ್ ಮಿತಿಗೆ ತಾಗಿತೋ? ಬೋರ್ಡಿನ ಮೇಲೆ ಒಂದೆರಡು ಹನಿ ಆಲ್ಕೋಹಾಲ್ ಹರಡಿ ಪವರ್ ಕೊಡಿ. ಶಾರ್ಟ್ ಇರುವ ಜಾಗದಲ್ಲಿ ಹನಿ ಮೊದಲು ಆರುತ್ತದೆ. ಒಣಗಿದ ಆ ಚುಕ್ಕೆಯಲ್ಲೇ ದೋಷ.

ಮೊದಲ ಸಲ ಲಿಪೋ ಸಿಕ್ಕಿಸುವಾಗ ನಡುವೆ ಕಾರಿನ ಬ್ರೇಕ್ ಲೈಟಿನ 12 ವೋಲ್ಟ್ 21 ವ್ಯಾಟ್ ಬಲ್ಬುಗಳೆರಡನ್ನು ಸರಣಿಯಲ್ಲಿ ಹಾಕಿ. ಶಾರ್ಟ್ ಇದ್ದರೆ ಬಲ್ಬ್ ಉರಿಯುತ್ತದೆ, ಬೋರ್ಡ್ ಉಳಿಯುತ್ತದೆ. ಕ್ಷಣ ಮಿನುಗಿ ಆರಿದರೆ ಎಲ್ಲ ಸರಿ.

ಮೊದಲು ಬೇರೆಯವರ ಫರ್ಮ್‌ವೇರ್, ಆಮೇಲೆ ನಿಮ್ಮದು

ಸ್ವಂತ ಕೋಡ್ ಬರೆದವರಿಗೆ ಇದು ರುಚಿಸದು, ಆದರೂ ಕೇಳಿ. ಬೂಟ್ ಬಟನ್ ಒತ್ತಿ ಯುಎಸ್‌ಬಿ ಸಿಕ್ಕಿಸಿ, ಚಿಪ್ ಕಂಪ್ಯೂಟರಿನಲ್ಲಿ ಡಿಎಫ್‌ಯು (ಫರ್ಮ್‌ವೇರ್ ತುಂಬುವ ಕ್ರಮ) ಆಗಿ ಕಾಣಿಸಿದರೆ ಕ್ರಿಸ್ಟಲ್, ಯುಎಸ್‌ಬಿ, ವಿಕ್ಯಾಪ್ ಮೂರೂ ಸರಿಯಿವೆ. ನಂತರ ನಿಮ್ಮ ಪಿನ್ ಹಂಚಿಕೆ ಬರೆದು ಬೀಟಾಫ್ಲೈಟ್ ಎಂಬ ಸಿದ್ಧ ಫರ್ಮ್‌ವೇರ್ ತುಂಬಿ. ಸಾವಿರಾರು ಬೋರ್ಡುಗಳಲ್ಲಿ ಹಾರಿದ ಫರ್ಮ್‌ವೇರಿನಲ್ಲಿ ಗೈರೋ ಕಾಣದಿದ್ದರೆ ತಪ್ಪು ಬೋರ್ಡಿನದ್ದು, ಅದರಲ್ಲಿ ಹಾರಿ ನಿಮ್ಮ ಕೋಡಿನಲ್ಲಿ ಹಾರದಿದ್ದರೆ ತಪ್ಪು ಕೋಡಿನದ್ದು. ಈ ಒಂದು ಗೆರೆ ಎಳೆದುಕೊಳ್ಳದೆ ಎರಡನ್ನೂ ಒಟ್ಟಿಗೆ ಹುಡುಕಹೊರಟರೆ ಕೊನೆಯೇ ಇಲ್ಲ.

ನಿಮ್ಮ ಕೋಡಿನಲ್ಲಿ ಗೈರೋದ ಗುರುತಿನ ರಿಜಿಸ್ಟರ್ ಹೆಕ್ಸ್ (ಹದಿನಾರರ ಎಣಿಕೆಯ) 75 ಓದಿ. ಹೆಕ್ಸ್ 47 ಬರಬೇಕು. ಹಳೆಯ ಎಂಪಿಯು 6050ದ 68ನ್ನು ಕೋಡಿನಲ್ಲಿ ಬಿಟ್ಟಿದ್ದರೆ ಬದಲಿಸಿ. ಎಸ್‌ಪಿಐ ಓದುವಾಗ ವಿಳಾಸದ ಮೇಲಿನ ಬಿಟ್ 1 ಆಗಬೇಕು, ಅಂದರೆ ಕಳಿಸುವುದು ಎಫ್5. ಎಲ್ಲ ಎಫ್‌ಎಫ್ ಅಥವಾ ಎಲ್ಲ 00 ಬಂದರೆ ಪ್ಯಾಡಿನಡಿ ಸೋಲ್ಡರ್ ಹಿಡಿದಿಲ್ಲ, ಇಲ್ಲವೇ ಚಿಪ್ ಸೆಲೆಕ್ಟ್ ತಪ್ಪಿದೆ.

ಪ್ರೊಪೆಲರ್ ಇಲ್ಲದೆ ಪ್ರತಿ ಮೋಟಾರನ್ನು ತಿರುಗಿಸಿ, ಯಾವುದು ಯಾವುದೆಂದು ನೋಡಿ. ಬೋರ್ಡನ್ನು ಮುಂದಕ್ಕೆ ಬಾಗಿಸಿದಾಗ ಕಂಪ್ಯೂಟರ್ ಪರದೆಯ ಡ್ರೋನ್ ಚಿತ್ರವೂ ಮುಂದಕ್ಕೇ ಬಾಗಬೇಕು. ಗೈರೋ 90 ಡಿಗ್ರಿ ತಿರುಗಿ ಕೂತಿದ್ದರೆ ಇದು ಇಲ್ಲೇ ಸಿಕ್ಕಿಬೀಳುತ್ತದೆ. ಗಾಳಿಯಲ್ಲಿ ಸಿಕ್ಕಿಬಿದ್ದರೆ ಎದ್ದ ಕ್ಷಣವೇ ಮಗುಚುತ್ತದೆ.

ಉಪ್ಪುಗಾಳಿಗೆ ಲೇಪ

ಎಲ್ಲ ಪರೀಕ್ಷೆ ಮುಗಿದ ಮೇಲೆಯೇ ಕನ್‌ಫಾರ್ಮಲ್ ಲೇಪ, ಅಂದರೆ ತೇವ ತಡೆಯುವ ತೆಳು ಪದರ. 60 ಡಿಗ್ರಿಯಲ್ಲಿ ಒಂದು ಗಂಟೆ ಬೋರ್ಡ್ ಒಣಗಿಸಿ, ಇಲ್ಲವಾದರೆ ತೇವವನ್ನು ಒಳಗೇ ಬೀಗ ಹಾಕಿದಂತೆ. ಬ್ಯಾರೋಮೀಟರ್, ಯುಎಸ್‌ಬಿ, ಬಟನ್, ಕನೆಕ್ಟರ್, ಸೋಲ್ಡರ್ ಪ್ಯಾಡುಗಳಿಗೆ ಟೇಪ್ ಹಚ್ಚಿ ಅಕ್ರಿಲಿಕ್ ಸ್ಪ್ರೇ ಎರಡು ತೆಳು ಕೋಟ್ ಕೊಡಿ. ಯುವಿ ಬೆಳಕಿಗೆ ಹೊಳೆಯುವ ಸ್ಪ್ರೇ ಸಿಕ್ಕರೆ ಒಳ್ಳೆಯದು. ಅಂಗಡಿಯಲ್ಲಿ ನೋಟು ಪರೀಕ್ಷಿಸುವ ನೇರಳೆ ಟಾರ್ಚ್ ಹಿಡಿದರೆ ಲೇಪ ಎಲ್ಲಿ ತಪ್ಪಿದೆ ಎಂದು ಕಾಣುತ್ತದೆ. ಹೆಚ್ಚಾಗಿ ತಪ್ಪುವುದು ಇಂಡಕ್ಟರಿನ ನೆರಳಿನಲ್ಲಿರುವ ಚಿಪ್ಪಿನ ಕಾಲುಗಳು. ಬ್ಯಾರೋಮೀಟರಿನ ಮೇಲೆ ತೂತುಳ್ಳ ಸ್ಪಂಜಿನ ತುಂಡೊಂದನ್ನು ಇಡಿ. ಗಾಳಿಯ ಹೊಡೆತ, ಬಿಸಿಲು ಎರಡೂ ಅದರ ಅಳತೆಯನ್ನು ಕೆಡಿಸುತ್ತವೆ.

ಹಾರಿಸುವ ಜಾಗ

2021ರ ಆಗಸ್ಟ್ 25ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ತನಕ ನ್ಯಾನೋ, ಅಲ್ಲಿಂದ 2 ಕೆಜಿ ತನಕ ಮೈಕ್ರೋ. ನ್ಯಾನೋಗೂ, ವ್ಯಾಪಾರಕ್ಕಲ್ಲದ ಮೈಕ್ರೋಗೂ ಪೈಲಟ್ ಪ್ರಮಾಣಪತ್ರ ಬೇಡ. ನೋಂದಣಿ ಮತ್ತು ವಲಯದ ನಿಯಮ ಬೇರೆ, ವಲಯವನ್ನು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಯೇ ಹೊರಡಿ. ಬಜ್ಪೆ ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವೆ ಅನುಮತಿಯಿಲ್ಲದೆ 200 ಅಡಿಗಿಂತ ಮೇಲೆ ಹೋಗುವಂತಿಲ್ಲ, ಅದಕ್ಕಿಂತ ಹತ್ತಿರದಲ್ಲಿ ಅನುಮತಿಯಿಲ್ಲದೆ ಏಳುವಂತೆಯೇ ಇಲ್ಲ.

ಮೊದಲ ಹಾರಾಟ ಬೆಳಿಗ್ಗೆ ಏಳರೊಳಗೆ. ಮಧ್ಯಾಹ್ನದ ಹೊತ್ತಿಗೆ ಕಡಲಿಂದ ಗಾಳಿ ಏಳುತ್ತದೆ, ನಡುಕ ಬೋರ್ಡಿನದ್ದೋ ಗಾಳಿಯದ್ದೋ ತಿಳಿಯುವುದಿಲ್ಲ. ಮಲ್ಪೆ, ಪಣಂಬೂರಿನ ಮರಳಿಗಿಂತ ಹುಲ್ಲಿನ ಗದ್ದೆ ಮೇಲು. ಕಡಲತೀರದ ಮರಳಿನಲ್ಲಿರುವ ಕಪ್ಪು ಕಣಗಳನ್ನು ಮೋಟಾರಿನ ಅಯಸ್ಕಾಂತ ಎಳೆದುಕೊಳ್ಳುತ್ತದೆ, ಅವು ಬೇರಿಂಗ್ ತಿನ್ನುತ್ತವೆ. ತೆಂಗು, ಅಡಿಕೆ ಮರಗಳ ನಡುವೆ ಜಿಪಿಎಸ್ ಉಪಗ್ರಹಗಳು ಸರಿಯಾಗಿ ಕಾಣುವುದಿಲ್ಲ.

ಮೊಣಕಾಲೆತ್ತರಕ್ಕೆ ಎಬ್ಬಿಸಿ, 20 ಸೆಕೆಂಡ್ ನಿಲ್ಲಿಸಿ, ಇಳಿಸಿ. ಬ್ಯಾಟರಿ ಬಿಚ್ಚಿ ಕೂಡಲೇ ನಾಲ್ಕೂ ಮೋಟಾರ್ ಮುಟ್ಟಿ ನೋಡಿ. ಒಂದು ಮಾತ್ರ ಬಿಸಿಯಿದ್ದರೆ ಪ್ರೊಪೆಲರ್ ಅಥವಾ ಬೇರಿಂಗ್. ನಾಲ್ಕೂ ಬಿಸಿಯಿದ್ದರೆ ಗೈರೋದ ನಾಯ್ಸ್. ಆಗ ಮೊದಲು ರಬ್ಬರ್ ಗ್ರಾಮೆಟ್ ಬೆರಳಿನಿಂದ ಒತ್ತಿ ನೋಡಿ, ಸ್ಕ್ರೂ ಬಿಗಿದು ಅವು ಚಪ್ಪಟೆಯಾಗಿದ್ದರೆ ಅರ್ಧ ಸುತ್ತು ಸಡಿಲಿಸಿ, ಮತ್ತೆ 20 ಸೆಕೆಂಡ್ ಎಬ್ಬಿಸಿ.